ಬೀಗರು ಕೊಟ್ಟ ಸಮುದ್ರ

ಬಸವಕಲ್ಯಾಣ
16 ಫೆಬ್ರವರಿ 1999

ಹುಮನಾಬಾದಿನ ಬೀಗರಾದ ಗುರುಶಾಂತಪ್ಪನವರಿಗೆ ಶಂಕರಲಿಂಗನ ಶರಣು ಶರಣಾರ್ಥಿ.

ನಾನು, ಪಾರ್ವತಿಬಾಯಿ ಇಬ್ಬರೂ ಸಮುದ್ರ ನೋಡಿಕೊಂಡು ಹೋದ ವಾರ ಊರು ಮುಟ್ಟಿದೆವು. ಬಂದ ಕೂಡಲೇ ಬರೆಯಬೇಕಿತ್ತು. ಆದರೆ ತೊಗರಿ ಸುಗ್ಗಿ, ನಮ್ಮ ಅಡತಿ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ತಡವಾಯಿತು, ತಪ್ಪು ತಿಳಿಯಬೇಡಿ.

ಏನು ಹೋಟೆಲು ಬೀಗರೇ! ಸಾಗರ ಕಿರೀಟ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಬಾಗಿಲಲ್ಲಿ ನಿಂತವನು ನನಗೆ ಸಲಾಮು ಹೊಡೆದ, ನಾನೂ ತಿರುಗಿ ಹೊಡೆದೆ. ಲಿಫ್ಟಿನ ಬಾಗಿಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಿಸಿನೀರಿಗೆ ಬೇರೆಯೇ ನಲ್ಲಿ ಇತ್ತು. ಊಟದ ಮನೆ ದೊಡ್ಡದು. ಸಮುದ್ರದ ಬಗ್ಗೆ ಏನು ಹೇಳಲಿ, ಅದು ಇನ್ನೂ ದೊಡ್ಡದು. ಪಾರ್ವತಿಬಾಯಿಗೆ ಮೊಳಕಾಲು ಸ್ವಲ್ಪ ಬಾತುಕೊಂಡಿದೆ. ಅದು ಅವಳ ಕಾಲಿನ ದೋಷ, ಹೋಟೆಲಿನದಲ್ಲ.

ನೀವು ಇಷ್ಟೆಲ್ಲ ಮಾಡಬಾರದಿತ್ತು. ವಿದ್ಯಾವತಿಯ ಚೊಚ್ಚಲ ಬಾಣಂತನ ನಿಮ್ಮ ಮನೆಯಲ್ಲಿ ಆಗಬೇಕಿತ್ತು, ಖರೆ. ನಿಮ್ಮ ಮನೆಯವರು ಶಕುಂತಲಾಬಾಯಿ ಆಪರೇಷನ್ ಆಗಿ ಮಲಗಿದ್ದರು, ಇಲ್ಲೇ ಮಾಡಿದೆವು. ಸೊಸೆಯ ಬಾಣಂತನ ಅತ್ತೆ ಮಾಡಿದರೆ ಆಕಾಶವೇನೂ ಬೀಳುವುದಿಲ್ಲ. ಅದಕ್ಕೆ ನೀವು ಬೀಗತಿಯನ್ನು ಕೂರಿಸಿಕೊಂಡು 'ನಿಮಗೇನು ಆಸೆ' ಅಂತ ಕೇಳುವುದು, ಅವಳು 'ಸಮುದ್ರ ನೋಡಿಲ್ಲ' ಅನ್ನುವುದು, ನೀವು ಟಿಕೆಟ್ಟು ತಂದು ಕೈಯಲ್ಲಿಡುವುದು! ಈ ಋಣ ಹೇಗೆ ತೀರಿಸಲಿ?

ನಿಮ್ಮ ಉಪಕಾರ ಹೊತ್ತ ಬೀಗ,
ಶಂಕರಲಿಂಗ


ಹುಮನಾಬಾದ
3 ಮಾರ್ಚ್ 1999

ಬೀಗರೇ, ಶರಣಾರ್ಥಿ.

ನಿಮ್ಮ ಪತ್ರ ಓದಿ ಶಕುಂತಲಾಬಾಯಿ ಸಂತೋಷಕ್ಕೆ ಕಣ್ಣೊರೆಸಿಕೊಂಡಳು. ನಾನು ಮಾತ್ರ ಇನ್ನೊಂದು ಸಲ ಓದಿದೆ. ಬಟ್ಟೆ ಅಂಗಡಿ ಇಟ್ಟವನು ನಾನು. ಗಿರಾಕಿ ಸೀರೆಯನ್ನು ಕೈಯಲ್ಲಿ ಮುಟ್ಟದೇ 'ಭಾಳ ಛಲೋ ಅದ' ಅಂದನೆಂದರೆ ಅವನಿಗೆ ಅದು ಹಿಡಿಸಿಲ್ಲ ಅಂತಲೇ ಅರ್ಥ. ನೀವು ಲಿಫ್ಟಿನ ಬಾಗಿಲು ಹೊಗಳಿದಿರಿ, ಲಿಫ್ಟ್ ಹತ್ತಿದೆವು ಅಂತ ಬರೆಯಲಿಲ್ಲ. ನಲ್ಲಿ ಇತ್ತು ಅಂದಿರಿ, ನೀರಿನ ಸುದ್ದಿ ಎತ್ತಲಿಲ್ಲ. ಸಮುದ್ರ ದೊಡ್ಡದು ಅಂದಿರಿ. ಅಷ್ಟು ಶಾಲೆಯ ಪುಸ್ತಕದಲ್ಲೂ ಇದೆ.

ಆಮೇಲೆ ಒಂದು ಮಾತು ಕಿವಿಗೆ ಬಿತ್ತು. ಯಾರು ಹೇಳಿದರು ಅಂತ ಕೇಳಬೇಡಿ. ಆ ಹೊಳೆಯುವ ಬಾಗಿಲು ತೆಗೆದರೆ ಒಳಗೆ ಲಿಫ್ಟೇ ಇಲ್ಲವಂತೆ, ಹಾಸಿಗೆ ಸುರುಳಿ ಮತ್ತು ಉಳ್ಳಾಗಡ್ಡಿ ಚೀಲ ಇದ್ದವಂತೆ. ಮೂರನೇ ಅಂತಸ್ತಿನಲ್ಲಿ ಸಮುದ್ರಕ್ಕೆ ಮುಖ ಮಾಡಿದ ಖೋಲಿಗೆ ನಾನು ರೊಕ್ಕ ಕಟ್ಟಿದ್ದೆ. ಬೀಗತಿಯವರಿಗೆ ಮೆಟ್ಟಿಲು ಹತ್ತಲಾಗದೆ ಕೆಳಗೆ ಅಡುಗೆಮನೆಯ ಹಿಂದಿನ ಖೋಲಿಯಲ್ಲಿ ಇದ್ದಿರಂತೆ. ಇದು ಖರೆಯೇ?

ನಮ್ಮೂರ ಬಸ್ ಸ್ಟ್ಯಾಂಡಿನ ಎದುರು ಟೂರ್ ಏಜೆಂಟ್ ನಾಗನಾಥ ಇದ್ದಾನಲ್ಲ, ಬುಕಿಂಗ್ ಮಾಡಿದವನು ಅವನೇ. ಬಣ್ಣದ ಕಾಗದ ಕೊಟ್ಟಿದ್ದ. ಲಿಫ್ಟು, ದಿನವಿಡೀ ಬಿಸಿನೀರು, ಶುದ್ಧ ಶಾಕಾಹಾರಕ್ಕೆ ಬೇರೆ ಅಡುಗೆಮನೆ, ತಿರುಗಾಡಲು ಹೋಟೆಲಿನದೇ ಗಾಡಿ, ಎಲ್ಲ ಅಚ್ಚು ಹಾಕಿಸಿದ್ದರು. 'ನಮ್ಮ ಬೀಗತಿಗೆ ಮೊಳಕಾಲು ನೋವು ಅದ, ಲಿಫ್ಟ್ ಖಾತ್ರಿ ಅದ ಏನು?' ಅಂತ ನಾನು ಒತ್ತಿ ಒತ್ತಿ ಕೇಳಿದೆ. 'ಸಾಹುಕಾರ್ರ, ಒಂದಲ್ಲ, ಎರಡು ಅವ' ಅಂದಿದ್ದ.

ವಕೀಲ ಅಜೀಮುದ್ದೀನರನ್ನು ಕಂಡೆ. ಇಂಥದಕ್ಕೆ ಬೀದರಿನಲ್ಲಿ ಗ್ರಾಹಕರ ನ್ಯಾಯಾಲಯ ಇದೆ, ಬುಕಿಂಗ್ ಹುಮನಾಬಾದಿನಲ್ಲಿ ಆದದ್ದರಿಂದ ಇಲ್ಲೇ ದಾವೆ ಹಾಕಬಹುದು, ಪರಿಹಾರ ಕೊಡಿಸಬಹುದು ಅಂದರು. ಆದರೆ ಅಲ್ಲಿ ಇದ್ದವರು ನೀವು. ಏನೇನು ಇರಲಿಲ್ಲ ಅಂತ ನೀವೇ ಬರೆದು ಸಹಿ ಮಾಡಬೇಕು.

ನಾನೇ ಬಂದು ಕೇಳಬಹುದಿತ್ತು. ಬಂದರೆ ನೀವು ಹೋಳಿಗೆ ಮಾಡಿಸುತ್ತೀರಿ. ಬಾಯಲ್ಲಿ ಹೋಳಿಗೆ ತುಂಬಿಕೊಂಡು ಯಾರೂ ಖರೆ ಮಾತಾಡಿಲ್ಲ. ನಿಮ್ಮ ಫೋನು ನೋಡಿದರೆ ಅಂಗಡಿಯ ಗಾದಿಯ ಮೇಲಿದೆ, ತೊಗರಿ ತಂದ ಕೊಹಿನೂರ ಹಳ್ಳಿಯ ರೈತರೆಲ್ಲ ಕೇಳಿಸಿಕೊಳ್ಳುತ್ತಾರೆ. ಅದಕ್ಕೇ ಈ ಪತ್ರ.

ಉತ್ತರದ ದಾರಿ ನೋಡುವ,
ಗುರುಶಾಂತ


ಬಸವಕಲ್ಯಾಣ
11 ಮಾರ್ಚ್ 1999

ಬೀಗರಿಗೆ ಶರಣಾರ್ಥಿ.

ಯಾರೋ ಏನೋ ಹೇಳಿದ್ದನ್ನು ನೀವು ಮನಸ್ಸಿಗೆ ಹಚ್ಚಿಕೊಂಡಿದ್ದೀರಿ. ಲಿಫ್ಟ್ ಇರಲಿಲ್ಲ ಅಂತಲ್ಲ, ರಿಪೇರಿಯಲ್ಲಿತ್ತು. ಕೆಳಗಿನ ಖೋಲಿ ತಂಪಾಗಿತ್ತು. ಊಟದಲ್ಲಿ ಮೀನಿನ ವಾಸನೆ ಬಂತು ಅಂತ ಅನ್ನಿಸಿದ್ದು ನಮ್ಮ ಮೂಗಿನ ಭ್ರಮೆ ಇರಬಹುದು. ಹೇಗೂ ಮನೆಯಿಂದ ಕಟಿಗಿರೊಟ್ಟಿ, ಶೇಂಗಾ ಹಿಂಡಿ ಒಯ್ದಿದ್ದೆವು, ಉಪವಾಸ ಬೀಳಲಿಲ್ಲ.

ಕೋರ್ಟಿನ ಮಾತು ಬಿಟ್ಟುಬಿಡಿ. ಬೀಗರು ಪ್ರೀತಿಯಿಂದ ಕೊಟ್ಟದ್ದನ್ನು ನಾನು ನಾಲ್ಕು ಜನರ ಮುಂದೆ ನಿಂತು ಕೆಟ್ಟದ್ದಿತ್ತು ಅನ್ನಲೇ? ಹೆಣ್ಣು ಕೊಟ್ಟವರು ನೀವು. ನಮ್ಮ ಅಪ್ಪ ಬೀಗರ ಮನೆಯಲ್ಲಿ ಉಪ್ಪಿಲ್ಲದ ಸಾರು ಉಂಡು ಇನ್ನೊಂದು ಸೌಟು ಹಾಕಿಸಿಕೊಂಡಿದ್ದ. ನಾನು ಆ ಮನೆತನದವನು. ಈ ಕೈಯಿಂದ ಅಂಥ ಕಾಗದಕ್ಕೆ ಸಹಿ ಬೀಳುವುದಿಲ್ಲ.

ಒಂದು ಮಾತು ಮಾತ್ರ ನನಗೆ ಬೇಸರ ತಂದಿದೆ. ಮನೆಯ ಸುದ್ದಿ ಹುಮನಾಬಾದಿಗೆ ಹೋದದ್ದು ಹೇಗೆ? ವಿದ್ಯಾವತಿಯನ್ನು ನಾನು ಸೊಸೆ ಅಂತ ಎಂದೂ ನೋಡಿಲ್ಲ, ಮಗಳು ಅಂತಲೇ ನೋಡಿದ್ದೇನೆ. ಹೆಚ್ಚು ಬರೆಯುವುದಿಲ್ಲ.

ನಿಮ್ಮವ,
ಶಂಕರಲಿಂಗ


ಬಸವಕಲ್ಯಾಣ
20 ಮಾರ್ಚ್ 1999

ಹುಮನಾಬಾದಿನ ಬೀಗರಿಗೆ ಪಾರ್ವತಿಬಾಯಿ ಮಾಡುವ ಶರಣಾರ್ಥಿ.

ನಾ ಹೇಳಾಕತ್ತೇನಿ, ನಿಮ್ಮ ಮಗಳು ಬರಿಯಾಕತ್ತಾಳ. ನಾ ಹ್ಯಾಂಗ ಅಂತೀನಿ ಹಾಂಗ ಬರಿ, ಸುದ್ದ ಮಾಡಾಕ ಹೋಗಬ್ಯಾಡ ಅಂದೀನಿ.

ಮೊದಲ ಅಕಿ ಮಾತು. ಸೊಸಿ ಮನಿ ಸುದ್ದಿ ತವರಿಗೆ ಒಯ್ದಳು ಅಂತ ನಮ್ಮವರು ಮುಖ ಬಿಗಿ ಮಾಡಿ ಕುಂತಾರ. ಅಕಿ ಒಯ್ದಿಲ್ಲರಿ, ನಾ ಕಳಿಸೀನಿ. ನಿಮಗ ಮುಟ್ಟಲಿ ಅಂತಲೇ ಅಕಿ ಮುಂದ ಹೇಳೀನಿ. ಇಷ್ಟು ಬರಿ ಅಂದ್ರ ನಿಮ್ಮ ಮಗಳು ಪೆನ್ನು ಕೆಳಗಿಟ್ಟು ಅಳಾಕತ್ತಾಳ. ಕಾಗದ ತೊಯ್ದೀತು, ಆಮ್ಯಾಲ ಅಳು ಅಂದೆ.

ಈಗ ಹೋಟೆಲಿನ ಮಾತು. ಲಿಫ್ಟಿನ ಜಾಗಾದಾಗ ಉಳ್ಳಾಗಡ್ಡಿ ಇದ್ದದ್ದು ಖರೇ. ಬಿಸಿನೀರು ಮುಂಜಾನೆ ಒಂದು ಬಕೀಟು. ಗಾಡಿ ಇತ್ತು, ಗಾಲಿ ಇರಲಿಲ್ಲ. ಅದು ಗುಡ್ಡದ ಮ್ಯಾಲಿನ ಹೋಟೆಲರಿ, ಆಟೋ ಬರೂದಿಲ್ಲ. ಸಮುದ್ರಕ್ಕ ಇಳೀಬೇಕಂದ್ರ ಪಾವಟಗಿ, ಮ್ಯಾಲ ಹೋಗಿ ನೋಡಬೇಕಂದ್ರನೂ ಪಾವಟಗಿ ಹತ್ತಬೇಕು. ಬಸ್ಸಿನ್ಯಾಗ ಕುಂತು ಕುಂತು ಮೊಳಕಾಲು ಗಡಗಿ ಆಗಿತ್ತು. ಹೋಟೆಲಿನ ಹುಡುಗರು ಕುರ್ಚಿ ಮ್ಯಾಲ ಎತ್ತಿ ಒಯ್ತೀವಿ ಅಂದ್ರು. ಗುರುತಿಲ್ಲದ ಗಂಡಸರ ಹೆಗಲ ಮ್ಯಾಲ ನಾ ಹ್ಯಾಂಗ ಹೋಗಲಿ? ಒಲ್ಲೆ ಅಂದೆ.

ನಮ್ಮ ಖಿಡಕಿ ತೆಗೆದ್ರ ಎದುರಿಗೆ ಗ್ವಾಡಿ. ಆ ಗ್ವಾಡಿ ಆಚಿಗೆ ಸಮುದ್ರ. ಹೋಗುವಾಗ ಬರುವಾಗ ಟೂರಿನ ಬಸ್ಸು ಬಾಗಿಲ ತನಕ ಬಂತು ಖರೇ, ಆದ್ರ ಕತ್ತಲದಾಗ, ಆಗೂ ಕಾಣಲಿಲ್ಲ. ಇದ್ದಷ್ಟು ದಿನ ಸಪ್ಪಳ ಕೇಳಿದೆ. ಒಳಗ ಮದ್ವಿ ನಡದಾಗ ಹೊರಗ ಚಪ್ಪಲಿ ಕಾಯಾಕ ಕುಂತಾಕಿಗೆ ಹ್ಯಾಂಗ ಆಗ್ತದ, ನನಗ ಹಾಂಗ ಆಯ್ತು. ಇವರು 'ನೀ ನೋಡದ್ದು ನಾನೂ ನೋಡೂದಿಲ್ಲ' ಅಂತ ನನ್ನ ಬಾಜೂಕ ಕುಂತ್ರು. ಅದೊಂದು ಸಮಾಧಾನ.

ಬೀಗರ, ನೀವು ಕೊಟ್ಟದ್ದು ಕೆಟ್ಟದ್ದಲ್ಲ. ನೀವು ಕೊಟ್ಟದ್ದು ಅವರು ನನಗ ಮುಟ್ಟಿಸಲಿಲ್ಲ. ನನಗ ಭಾಳ ಸಿಟ್ಟು ಬಂದದ. ದಾವೆ ಹಾಕ್ರಿ. ನಮ್ಮವರ ಸಹಿ ನಾ ಮಾಡಸ್ತೀನಿ.

ಹೇಳಿದಾಕಿ ಪಾರ್ವತಿಬಾಯಿ
ಬರೆದವಳು ನಿಮ್ಮ ಮಗಳು ವಿದ್ಯಾವತಿ


ಹುಮನಾಬಾದ
9 ಆಗಸ್ಟ್ 1999

ಪ್ರೀತಿಯ ಬೀಗರೇ,

ಬೀಗತಿಯವರು ಯಾವ ಮಂತ್ರ ಹಾಕಿದರೋ, ಕಡೆಗೂ ನೀವು ವಕೀಲರ ಕಾಗದಕ್ಕೆ ಸಹಿ ಮಾಡಿದಿರಿ. ದಾವೆ ನಡೆದಿದೆ. ಹೋಟೆಲಿನವರಿಂದ ಉತ್ತರವೂ ಬಂತು. ಅದರ ಜೊತೆ ಒಂದು ಫೋಟೋ ಲಗತ್ತಿಸಿದ್ದಾರೆ. ಅದನ್ನು ನೋಡಿ ಅಜೀಮುದ್ದೀನ್ ವಕೀಲರು ತಲೆಯ ಮೇಲೆ ಕೈ ಹೊತ್ತು ಕುಳಿತರು.

ಫೋಟೋದಲ್ಲಿ ನೀವು ಇದ್ದೀರಿ. ಹೋಟೆಲಿನ ಮ್ಯಾನೇಜರ್ ಇದ್ದಾನೆ. ನೀವು ಅವನಿಗೆ ಶಾಲು ಹೊದಿಸಿ, ಕೈಯಲ್ಲಿ ತೆಂಗಿನಕಾಯಿ ಕೊಟ್ಟು, ಕೈಮುಗಿದು ನಗುತ್ತಿದ್ದೀರಿ. 'ದೂರುದಾರರು ನಮ್ಮ ವ್ಯವಸ್ಥೆಗೆ ಮೆಚ್ಚಿ ಸ್ವತಃ ಸನ್ಮಾನ ಮಾಡಿದ್ದಾರೆ, ಈಗ ರೊಕ್ಕದ ಆಸೆಗೆ ಸುಳ್ಳು ಹೇಳುತ್ತಿದ್ದಾರೆ' ಅಂತ ಬರೆದಿದ್ದಾರೆ. ಆ ಫೋಟೋವನ್ನು ದೊಡ್ಡದು ಮಾಡಿಸಿ ಹೋಟೆಲಿನ ಬಾಗಿಲಲ್ಲಿ ತೂಗುಹಾಕಿದ್ದಾರಂತೆ.

ಆ ಶಾಲೂ ನಮ್ಮ ಅಂಗಡಿಯದು. ನಿಮಗೆ ಪ್ರಯಾಣದಲ್ಲಿ ಚಳಿಯಾದೀತು ಅಂತ ನಾನು ಕೊಟ್ಟದ್ದು. ಅಂಚು ನೋಡಿದ ಕೂಡಲೇ ಗುರುತು ಹತ್ತಿತು. ನಗಬೇಕೋ ಅಳಬೇಕೋ ತಿಳಿಯದೆ ಕುಳಿತಿದ್ದೇನೆ.

ಮುಂದಿನ ವಿಚಾರಣೆಗೆ ನೀವೇ ಬೀದರಿಗೆ ಬಂದು ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ದಾವೆ ಬೀಳುತ್ತದೆ, ಬೀಗತಿಯವರ ಮಾತೂ ಸುಳ್ಳಾಗುತ್ತದೆ. ಅದನ್ನು ನಾನು ತಾಳಲಾರೆ.

ಗುರುಶಾಂತ


ಬಸವಕಲ್ಯಾಣ
14 ಆಗಸ್ಟ್ 1999

ಬೀಗರೇ,

ಏನು ಮಾಡಲಿ, ಹೊದಿಸಿಬಿಟ್ಟೆ. ಉಂಡ ಮನೆಯಿಂದ ಏಳುವಾಗ ಮನೆಯವರನ್ನು ಬರಿಗೈಯಲ್ಲಿ ಬಿಟ್ಟು ಬಂದದ್ದು ನನಗೆ ಗೊತ್ತಿಲ್ಲ. ಅದರ ಮೇಲೆ ಅದು ನೀವು ಗೊತ್ತುಮಾಡಿದ ಜಾಗ. ಮ್ಯಾನೇಜರ್ ಅಂದರೆ ಒಂದು ಲೆಕ್ಕದಲ್ಲಿ ಹೆಣ್ಣಿನ ಕಡೆಯವನು ಅಂತಲೇ ನನ್ನ ತಲೆಯಲ್ಲಿ ಕುಳಿತಿತ್ತು. ಅವನಿಗೆ ಮರ್ಯಾದೆ ಮಾಡದೆ ಬಂದರೆ ನಿಮಗೆ ಅವಮಾನ ಅಂದುಕೊಂಡೆ. ತೆಂಗಿನಕಾಯಿ ಎಲ್ಲಿಂದ ತರಲಿ ಅಂತ ಒದ್ದಾಡಿದಾಗ ಅವನೇ ಅಡುಗೆಮನೆಯಿಂದ ತಂದುಕೊಟ್ಟ. ಈಗ ನೋಡಿದರೆ ಆ ಬದ್ಮಾಶ್ ಫೋಟೋಗ್ರಾಫರನನ್ನೂ ಕರೆಸಿದ್ದ.

ಪಾರ್ವತಿ ಮಾತು ಬಿಟ್ಟಿದ್ದಾಳೆ. 'ನನ್ನ ಕಾಲು ಬಾತಾಗ ಒಂದು ಮಾತು ಜಬರಿಸಲಿಲ್ಲ, ಶಾಲು ಹೊದಿಸಾಕ ಮಾತ್ರ ಮುಂದ ಹೋದ್ರಿ' ಅಂದಳು. ನನಗೆ ಅನ್ನ ಸೇರುತ್ತಿಲ್ಲ. ಬೀದರಿಗೆ ಬರುತ್ತೇನೆ. ಆದರೆ ನಿಮ್ಮ ಎದುರಿಗೆ ನಿಂತು ಹೇಗೆ ಹೇಳಲಿ ಅಂತ ಈಗಲೇ ಬೆವರು ಬರುತ್ತಿದೆ.

ಶಂಕರಲಿಂಗ


ಹುಮನಾಬಾದ
2 ಅಕ್ಟೋಬರ್ 1999

ಬೀಗತಿಯವರಾದ ಪಾರ್ವತಿಬಾಯಿಯವರಿಗೆ ಗುರುಶಾಂತನ ಶರಣಾರ್ಥಿ.

ಮೊನ್ನೆ ಬೀದರಿನಲ್ಲಿ ನಡೆದದ್ದನ್ನು ನಿಮ್ಮ ಯಜಮಾನರು ಹೇಳಿರಲಿಕ್ಕಿಲ್ಲ. ನಾನು ಹೇಳುತ್ತೇನೆ. ವಿದ್ಯಾವತಿ ಓದಿ ತಿಳಿಸಲಿ.

ಹೋಟೆಲಿನ ವಕೀಲ ಚುರುಕು ಹುಡುಗ. ಫೋಟೋ ಎತ್ತಿ ಹಿಡಿದು, 'ಇಲ್ಲಿ ನಗುತ್ತಿರುವವರು ನೀವೇ ಅಲ್ಲವೇ?' ಅಂದ. ಬೀಗರು 'ಹೌದ್ರಿ' ಅಂದರು. 'ಹೊರಡುವಾಗ ಮ್ಯಾನೇಜರಿಗೆ ಏನು ಹೇಳಿದಿರಿ?' 'ಭಾಳ ಛಲೋ ಇತ್ತು ಅಂತ ಹೇಳಿದೆರಿ.' 'ಹಾಗಾದರೆ ಆಗ ಹೇಳಿದ್ದು ಸುಳ್ಳೋ, ಈಗ ಹೇಳುವುದು ಸುಳ್ಳೋ?' ಬೀಗರು ನನ್ನ ಮುಖ ನೋಡಿದರು. ನಾನು ನೆಲ ನೋಡುತ್ತ ಕುಳಿತೆ, ನನ್ನ ಮುಖ ಕಂಡರೆ ಮತ್ತೆ ಹೊಗಳಿಬಿಟ್ಟಾರು ಅಂತ ಹೆದರಿಕೆ.

ಆಮೇಲೆ ಅವರು ನ್ಯಾಯಾಲಯದ ಅಧ್ಯಕ್ಷರ ಕಡೆ ತಿರುಗಿದರು. ಅವರ ಮಾತು ಇದ್ದ ಹಾಗೇ ಬರೆಯುತ್ತೇನೆ.

'ಆಗ ಹೇಳಿದ್ದೇ ಸುಳ್ಳು ಸಾಹೇಬ್ರ. ಅಲ್ಲಿ ಕುಂತವರು ನಮ್ಮ ಸೊಸಿ ತಂದಿ. ಅವರ ಮನಸು ನೋಯಬಾರದು ಅಂತ ಹೋಟೆಲಿನವಗೂ ಛಲೋ ಅಂದೆ, ಊರಿಗೆ ಬಂದು ಇವರಿಗೂ ಛಲೋ ಅಂತ ಬರದೆ. ಲಿಫ್ಟ್ ಇರಲಿಲ್ಲ, ನೀರು ಇರಲಿಲ್ಲ, ಅನ್ನದಾಗ ಮೀನಿನ ವಾಸನಿ. ಅದೆಲ್ಲ ಹೋಗಲಿ ಬಿಡ್ರಿ. ಒಂದಿನ ನಮ್ಮಾಕಿ ಮಲಗಿದ್ದಾಗ ನಾ ಒಬ್ಬನೇ ಮ್ಯಾಲ ಹತ್ತಿ ಹೋಗಿ ಸಮುದ್ರ ನೋಡಿದೆ. ಕೆಳಗ ಬಂದಾಗ ಅಕಿ ಎದ್ದಿದ್ಲು, ಎಲ್ಲಿ ಹೋಗಿದ್ರಿ ಅಂದ್ಲು. ಚಹಾಕ್ಕ ಹೇಳಾಕ ಹೋಗಿದ್ದೆ ಅಂದೆ. ಭಾಳ ಛಂದ ಇತ್ತು ಸಾಹೇಬ್ರ. ಅಷ್ಟು ಛಂದ ಇದ್ದದ್ದು ಅಕಿಗೆ ಹೇಳಾಕ ನನಗ ಬಾಯಿ ಬರಲಿಲ್ಲ. ಅಕಿ ಗ್ವಾಡಿ ನೋಡಿಕೋತ ಕುಂತಿದ್ಲು.'

ಅಷ್ಟು ಹೇಳಿ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು. ಹೋಟೆಲಿನ ವಕೀಲ ಫೋಟೋ ಕೆಳಗಿಟ್ಟ. ಅಧ್ಯಕ್ಷರು ಆ ಫೋಟೋ ತರಿಸಿಕೊಂಡು ನೋಡಿದರು. ಆಮೇಲೆ, 'ನಮ್ಮ ಕಡೆಯ ಜನ ಶಾಲು ಹೊದಿಸಿದರೆ ಅದು ಅವರ ಸಂಸ್ಕಾರಕ್ಕೆ ಸಾಕ್ಷಿ, ಲಿಫ್ಟಿಗೆ ಸಾಕ್ಷಿಯಲ್ಲ. ಲಿಫ್ಟಿನ ಫೋಟೋ ಇದ್ದರೆ ತೋರಿಸಿ' ಅಂದರು. ಅದು ಅವರ ಹತ್ತಿರ ಎಲ್ಲಿಂದ ಬರಬೇಕು? ಆದೇಶ ಬರಲು ತಡವಾದೀತು, ಆದರೆ ನಾವು ಗೆದ್ದೆವು ಅಂತ ಅಜೀಮುದ್ದೀನರು ಅಲ್ಲೇ ಪೇಡೆ ತರಿಸಿದರು.

ಮೇಲೆ ಹೋಗಿ ನೋಡಿಬಂದ ಮಾತು ನಿಮಗೆ ಗೊತ್ತಿಲ್ಲ ಅಂತ ನನಗೆ ಗೊತ್ತು. ಬಸ್ಸಿನಲ್ಲಿ ಅವರೇ ಅಂದರು: 'ಇದನ್ನ ಅಕಿಗೆ ನೀವೇ ಬರೀರಿ, ನನ್ನ ಬಾಯಿಲೆ ಆಗೂದಿಲ್ಲ.' ಅದಕ್ಕೆ ಬರೆದಿದ್ದೇನೆ. ಸಿಟ್ಟಾಗಬೇಡಿ ಅನ್ನುವುದಿಲ್ಲ. ಆದರೂ ಸ್ವಲ್ಪವೇ ಆಗಿ.

ನಿಮ್ಮ ಬೀಗ,
ಗುರುಶಾಂತ


ಬಸವಕಲ್ಯಾಣ
25 ಅಕ್ಟೋಬರ್ 1999

ಪ್ರೀತಿಯ ಅಪ್ಪಾಜಿಗೆ,

ನೀವು ಬರೆದದ್ದನ್ನು ಅತ್ತೆಯವರಿಗೆ ಓದಿ ಹೇಳಿದೆ. ಕೇಳಿ ಎದ್ದು ಒಳಗೆ ಹೋದರು. ಆ ದಿನ ಮಾವನವರಿಗೆ ನಾನೇ ಬಡಿಸಿದೆ. ಮರುದಿನವೂ ನಾನೇ.

ಮೂರನೆಯ ದಿನ ಮಾವನವರು ಅಂಗಡಿಯಿಂದ ಬಂದು ಕಾಲು ತೊಳೆಯುವಾಗ ಅತ್ತೆ ಒಳಗಿನಿಂದಲೇ, 'ಹ್ಯಾಂಗಿತ್ತು?' ಅಂದರು. ಅಷ್ಟೇ. ಮಾವನವರಿಗೆ ಯಾವುದರ ಮಾತು ಅಂತ ಕೇಳಬೇಕಾಗಲಿಲ್ಲ. ಹಸಿಗಾಲಲ್ಲೇ ಹೊಸ್ತಿಲ ಮೇಲೆ ಕುಳಿತು ಹೇಳತೊಡಗಿದರು. 'ರಾಜೇಶ್ವರದಿಂದ ಹುಲಸೂರ ತನಕ ಇದ್ದ ಹೊಲ ಎಲ್ಲ ನೀಲಿ ಆಗಿ ಅಲುಗಾಡಾಕತ್ರ ಹ್ಯಾಂಗ, ಹಾಂಗ ನೋಡು' ಅಂದರು. ಅತ್ತೆ, 'ಬದು ಇಲ್ಲೇನು?' ಅಂದರು. 'ಬದು ಎಲ್ಲಿಂದ ಬರಬೇಕ, ಹುಚ್ಚಿ' ಅಂದರು. ಇಬ್ಬರೂ ನಕ್ಕರು. ನಮ್ಮ ಕೂಸು ಶೀತಲ್‌ಗೆ ಏನೂ ತಿಳಿಯದಿದ್ದರೂ ಅಜ್ಜಿ ನಕ್ಕರು ಅಂತ ತಾನೂ ಕೇಕೆ ಹಾಕಿತು.

ನನ್ನ ಮೇಲೆ ಮಾವನವರಿಗೆ ಬೇಸರ ಉಳಿದಿಲ್ಲ. ನಿನ್ನೆ, 'ನಿಮ್ಮಪ್ಪಗ ಏನು ಬರೀಬೇಕೋ ಬರಿ ತಂಗಿ, ಅಂಚೆಗೆ ನಾ ಹಾಕ್ತೀನಿ' ಅಂದರು. ಈ ಪತ್ರ ಅವರೇ ಹಾಕುತ್ತಿದ್ದಾರೆ.

ಅವ್ವನಿಗೆ ನಮಸ್ಕಾರ ಹೇಳಿ,
ವಿದ್ಯಾವತಿ


ಹುಮನಾಬಾದ
18 ಮಾರ್ಚ್ 2000

ಬೀಗರೇ,

ಆದೇಶ ಬಂತು. ಹೋಟೆಲಿನವರೂ ನಾಗನಾಥನೂ ಕೂಡಿ ಕಟ್ಟಿದ ಹಣವೆಲ್ಲ ಮರಳಿಸಬೇಕು, ಬೀಗತಿಯವರ ನೋವಿಗೆ ಪರಿಹಾರ ಬೇರೆ ಕೊಡಬೇಕು. ನಾಗನಾಥ ಅಂಗಡಿಗೆ ಬಂದು ತಪ್ಪಾಯಿತು ಅಂದ. ಇನ್ನು ಮೇಲೆ ಕಣ್ಣಾರೆ ನೋಡದ ಹೋಟೆಲಿಗೆ ಯಾರನ್ನೂ ಕಳಿಸುವುದಿಲ್ಲವಂತೆ. ಚಹಾ ಕುಡಿಸಿ ಕಳಿಸಿದೆ. ಶಾಲು ಮಾತ್ರ ಹೊದಿಸಲಿಲ್ಲ.

ನೀವು 'ರೊಕ್ಕ ಕಟ್ಟಿದವರು ನೀವು, ಅದು ನಿಮ್ಮದು' ಅಂತ ಹಟ ಹಿಡಿಯುತ್ತೀರಿ, ನಾನು 'ಕಾಲು ಬಾತದ್ದು ಬೀಗತಿಯವರದು, ರೊಕ್ಕವೂ ಅವರದು' ಅನ್ನುತ್ತೇನೆ. ಹೀಗೇ ಮುಂದಿನ ಸುಗ್ಗಿ ಬಂದೀತು. ಬೀಗತಿಯವರು ವಿದ್ಯಾವತಿಯ ಕೈಯಲ್ಲಿ ಹೇಳಿಕಳಿಸಿದ್ದಾರೆ: 'ಇಬ್ಬರೂ ಜಗಳಾ ಬಿಡ್ರಿ. ನನಗ ಸಮುದ್ರ ತೋರಿಸ್ರಿ.' ತೀರ್ಪು ಅಂದರೆ ಇದು. ನಾನು ಒಪ್ಪಿದ್ದೇನೆ, ನೀವೂ ಒಪ್ಪಿ.

ಗುರುಶಾಂತ


ಕಾರವಾರದ ಹತ್ತಿರ
6 ನವೆಂಬರ್ 2000

ಬೀಗರೇ,

ಹುಬ್ಬಳ್ಳಿಗೆ ಜವಳಿ ಖರೀದಿಗೆ ಬಂದವನು ಹಾಗೇ ಇಲ್ಲಿಗೆ ಇಳಿದುಬಂದೆ. ಇದು ಬೇರೆ ಹೋಟೆಲು. ಲಿಫ್ಟ್ ಇದೆ. ಬಾಗಿಲು ನೋಡಿ ನಂಬಲಿಲ್ಲ, ಒಳಗೆ ಹೊಕ್ಕು ಮೇಲೆ ಹೋದೆ, ಕೆಳಗೆ ಬಂದೆ, ಮತ್ತೆ ಮೇಲೆ ಹೋದೆ. ಲಿಫ್ಟಿನವನು 'ಯಾರನ್ನು ಹುಡುಕುತ್ತೀರಿ?' ಅಂತ ಕೇಳಿದ. 'ನಮ್ಮ ಬೀಗತಿ ಬರ್ತಾರ, ಅದಕ್ಕ ನೋಡಾಕತ್ತೇನಿ' ಅಂದೆ. ಮೇಲಿನ ಗ್ಯಾಲರಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತೂ ನೋಡಿದೆ. ಕುಳಿತರೂ ಸಮುದ್ರ ಕಾಣುತ್ತದೆ, ಕಟಕಟೆ ಅಡ್ಡ ಬರುವುದಿಲ್ಲ.

ನಮ್ಮ ಅಂಗಡಿಗೆ ಡಿಸೆಂಬರ್ ಅಂದರೆ ಲಗ್ನದ ಸೀಸನ್, ನನಗೂ ಶಕುಂತಲಾಬಾಯಿಗೂ ಆಗ ಬರಲಾಗುವುದಿಲ್ಲ. ನೀವಿಬ್ಬರೂ ಹೋಗಿಬನ್ನಿ. ಈ ಸಲ ಹಗಲು ಬಸ್ಸಿಗೇ ಬುಕ್ ಮಾಡುತ್ತೇನೆ.

ಅವಸರದಲ್ಲಿ,
ಗುರುಶಾಂತ


ಕಾರವಾರದ ಹತ್ತಿರ
12 ಡಿಸೆಂಬರ್ 2000

ಬೀಗರಿಗೆ ಶರಣಾರ್ಥಿ.

ಖರೆ ಬರೆಯಬೇಕು ಅಂತ ನೀವು ಆಣೆ ಹಾಕಿ ಕಳಿಸಿದ್ದೀರಿ. ಕೇಳಿ ಹಾಗಾದರೆ. ಚಹಾ ನೀರು ನೀರು. ಉಪ್ಪಿಟ್ಟಿನಲ್ಲಿ ಸಕ್ಕರೆ ಹಾಕುತ್ತಾರೆ, ಕೇಳಿದರೆ ಇಲ್ಲಿಯ ಪದ್ಧತಿ ಅನ್ನುತ್ತಾರೆ. ಹಾಸಿಗೆ ಎಷ್ಟು ಮೆತ್ತಗಿದೆ ಎಂದರೆ ಹೊರಳಿದರೆ ಏಳಲು ಇನ್ನೊಬ್ಬರು ಬೇಕು. ನಾನು ನೆಲದ ಮೇಲೆ ಚಾದರ ಹಾಸಿ ಮಲಗಿದೆ. ಕಾಗೆಗಳ ಕಾಟ ಬಹಳ. ಮ್ಯಾನೇಜರನ್ನು ಕರೆದು ಇಷ್ಟೂ ಹೇಳಿದೆ, ಮುಖದ ಮೇಲೇ ಹೇಳಿದೆ. ಅವನು ಬರೆದುಕೊಂಡ. ಬೀಗರೇ, ಬೈಯುವುದರಲ್ಲಿ ಇಷ್ಟು ಸುಖ ಇದೆ ಅಂತ ಯಾರೂ ನನಗೆ ಹೇಳಿರಲಿಲ್ಲ. ಇನ್ನು ನಿಮ್ಮ ಮನೆಗೆ ಬಂದಾಗಲೂ ಸಾರಿಗೆ ಉಪ್ಪು ಕಡಿಮೆಯಾದರೆ ಹೇಳುತ್ತೇನೆ, ಶಕುಂತಲಾಬಾಯಿಯವರಿಗೆ ಮೊದಲೇ ತಿಳಿಸಿಡಿ.

ಲಿಫ್ಟ್ ನಡೆಯುತ್ತದೆ. ಪಾರ್ವತಿ ಕಣ್ಣು ಮುಚ್ಚಿ, ನನ್ನ ಅಂಗಿ ಹಿಡಿದುಕೊಂಡು ಹತ್ತಿದಳು. ಮೇಲೆ ಹೋಗಿ ಗ್ಯಾಲರಿಯ ಬಾಗಿಲು ತೆಗೆದಾಗ ನಾನು ಅವಳ ಹಿಂದೆ ನಿಂತಿದ್ದೆ. ಮುಖ ಕಾಣಲಿಲ್ಲ. ಕೈ ಹಿಂದೆ ಚಾಚಿ ನನ್ನನ್ನು ಹುಡುಕಿದಳು, ನಾನು ಮುಂದೆ ಹೋಗಿ ನಿಂತೆ.

ಬೆಳಗಿನಿಂದ ಅಲ್ಲೇ ಕುಳಿತಿದ್ದಾಳೆ. ಊಟ ಖೋಲಿಗೇ ಬಂದಿದೆ, ಆರುತ್ತಿದೆ. ಕರೆದು ಕರೆದು ಸಾಕಾಯಿತು. 'ನೀವು ಉಣ್ರಿ, ನಾ ಆಮ್ಯಾಲ ಬರ್ತೀನಿ' ಅನ್ನುತ್ತಾಳೆ, ಈ ಕಡೆ ತಿರುಗಿಯೂ ನೋಡುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ನನಗೆ ಬಡಿಸುತ್ತ ಬಂದವಳು. ನಾನು ಒಂದು ಸಲವೂ ಅವಳಿಗೆ ಬಡಿಸಿದವನಲ್ಲ. ಅನ್ನ ಮೊದಲು ಹಾಕಬೇಕೋ ಪಲ್ಯ ಮೊದಲು ಹಾಕಬೇಕೋ ಅದೂ ನನಗೆ ಗೊತ್ತಿಲ್ಲ. ಹೇಗೋ ಒಂದು ತಾಟು ಕೂಡಿಸಿ ಇಟ್ಟಿದ್ದೇನೆ. ಪತ್ರ ಇಲ್ಲಿಗೇ ಸಾಕು, ತಾಟು ಅವಳ ಹತ್ತಿರ ಒಯ್ಯಬೇಕು.

ಶಂಕರಲಿಂಗ